ಬೆಳಕು ನೋಡಲು ತೆಗೆದ ಚಿತ್ರ

ನಲವತ್ತೊಂದನೆಯ ಪುಟ ತುಸು ಕಪ್ಪಾಗಿ ಬಂದಿದೆಯೋ ಇಲ್ಲಾ ತನ್ನ ಕಣ್ಣೇ ಮಂಜಾಗಿದೆಯೋ ತಿಳಿಯದೆ ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಮುದ್ರಣಾಲಯದ ಇಳಿಜಾರು ಮೇಜಿನ ಮೇಲೆ ಹರಡಿದ್ದ ದೊಡ್ಡ ಹಾಳೆಯಲ್ಲಿ ಅವನ ಎಂಟು ಚಿತ್ರಗಳಿದ್ದವು; ನಾಲ್ಕು ನೆಟ್ಟಗೆ, ನಾಲ್ಕು ತಲೆಕೆಳಗೆ, ಹಾಳೆ ಮಡಿಸಿದಾಗ ಎಲ್ಲವೂ ತಂತಮ್ಮ ಜಾಗಕ್ಕೆ ಬರುವ ಹಾಗೆ. ನೀರು ಬಸಿದ ಈಜುಕೊಳ. ಹಳಿ ಕಿತ್ತ ಮೇಲಿನ ರೈಲು ನಿಲ್ದಾಣ. ಹಾಸಿಗೆಗಳನ್ನೆಲ್ಲ ಸಾಗಿಸಿಯಾದ ಆಸ್ಪತ್ರೆಯ ವಾರ್ಡು. ಮೂವತ್ತು ವರ್ಷ ಅವನು ಕೆಡವಲಿರುವ ಜಾಗಗಳ ಸುದ್ದಿ ಹಿಡಿದು ಅಲೆದಿದ್ದ. ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಬಂದು ಕೂರುವ ದೂರದ ನೆಂಟನ ಹಾಗೆ, ಕೆಡವುವವರಿಗಿಂತ ಒಂದು ವಾರ ಮುಂಚೆಯೇ ಅಲ್ಲಿರುತ್ತಿದ್ದ. ಒಂದು ಚಿತ್ರದಲ್ಲೂ ಮನುಷ್ಯರಿಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಅವನಿಗೆ ‘ಖಾಲಿ’ ಎಂದೇ ಅಡ್ಡಹೆಸರು. ಖಾಲಿ ಬಂದ್ನಾ, ಖಾಲಿ ಎಲ್ಲಿ ಹೋದ, ಎಂದು ಕೇಳಿಕೊಂಡು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ಹೆಸರು ಅಂಟಿಕೊಳ್ಳುವಷ್ಟು ತಾನು ಬೇರೆಯವನು ಎಂಬ ಒಳಗಿನ ಹೆಮ್ಮೆಯೂ ಆ ನಗುವಿನಲ್ಲಿತ್ತು. ಈಗ ಆ ಚಿತ್ರಗಳೆಲ್ಲ ಸೇರಿ ಪುಸ್ತಕವಾಗುತ್ತಿತ್ತು. ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲನೆಯ ಪುಸ್ತಕ.

ನಲವತ್ತೊಂದನೆಯ ಪುಟದಲ್ಲಿದ್ದದ್ದು ಅವನಿಗೆ ಹೆಸರು ತಂದ ಚಿತ್ರ. ಮುಚ್ಚಿಹೋದ ಗಿರಣಿಯೊಂದರ ಕಾರ್ಮಿಕರ ವಸತಿಸಾಲಿನಲ್ಲಿ ಒಂದೇ ಕೋಣೆಯ ಮನೆ. ಬರಿ ನೆಲ. ಕಿಟಕಿಯಿಂದ ಬಿದ್ದ ಬೆಳಕಿನ ಚೌಕ. ಹೊಗೆ ಕುಡಿದ ಗೋಡೆಯಲ್ಲಿ ಕ್ಯಾಲೆಂಡರ್ ಇದ್ದಷ್ಟು ಜಾಗ ಮಾತ್ರ ಬೆಳ್ಳಗೆ, ಅದರ ನೆತ್ತಿಗೊಂದು ಮೊಳೆ. ಅರ್ಧ ತೆರೆದ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನೂರ ಹದಿನೇಳು. ಗೋಡೆಯ ಆ ಬಿಳಿ ಜಾಗದ ಬಗ್ಗೆಯೇ ವಿಮರ್ಶಕರು ಪುಟಗಟ್ಟಲೆ ಬರೆದಿದ್ದರು. ಹೋದವರು ಉಳಿಸಿಹೋದ ಮೌನ ಎಂದು ಒಬ್ಬರು, ನೆನಪಿನ ಕುರುಡುಗಣ್ಣು ಎಂದು ಇನ್ನೊಬ್ಬರು. ಕೆಳಗೆ ಅಚ್ಚಾಗಿದ್ದ ಸಾಲು ಅವನದೇ: ‘ಎಲ್ಲರೂ ಹೋದ ಮೇಲೆ’.

“ಇದು ನಮ್ಮ ಮನೆ,” ಎಂದಿತು ಹೆಗಲ ಹಿಂದಿನಿಂದ ಒಂದು ದನಿ.

ಬೈಂಡಿಂಗ್ ವಿಭಾಗದ ಹೆಂಗಸು. ಮೂವತ್ತೈದರ ಆಸುಪಾಸಿನವಳು. ಮಡಿಸಿದ ಹಾಳೆಗಳ ಕಟ್ಟನ್ನು ಮಗುವನ್ನು ಎತ್ತಿಕೊಂಡ ಹಾಗೆ ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು. ಬೆರಳ ತುದಿಗಳು ಅಂಟು ಒಣಗಿ ಬೆಳ್ಳಗಾಗಿದ್ದವು. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ, ಹಾಳೆಯನ್ನು ನೋಡುತ್ತಿದ್ದಳು. ಅಲ್ಲಿ ಮುನ್ನೂರು ಮನೆಗಳಿದ್ದವು, ಎಲ್ಲವೂ ಒಂದೇ ಅಚ್ಚಿನವು, ಯಾರಿಗಾದರೂ ತಮ್ಮದೇ ಅನ್ನಿಸುವುದು ಸಹಜ ಎಂದು ಅವನು ದೊಡ್ಡವರ ಗತ್ತಿನಲ್ಲಿ ಹೇಳಿದ.

“ಹೌದು ಸರ್, ಎಲ್ಲಾ ಒಂದೇ ಥರ. ಆದ್ರೆ ಆ ನಂಬರ್ ಬರೆದದ್ದು ನಮ್ಮಪ್ಪ. ಏಳರ ಕಾಲಿಂದ ಬಣ್ಣ ಸೋರಿದೆ ನೋಡಿ. ಅಮ್ಮ ಎಷ್ಟು ವರ್ಷ ಆಡಿಕೊಂಡಿದ್ರು ಅದಕ್ಕೆ.” ಅವಳು ಬೆರಳು ಹಾಳೆಗೆ ತಾಗದಂತೆ ಮೇಲಿಂದಲೇ ತೋರಿಸಿದಳು. ಆಮೇಲೆ ಅವನ ಮುಖ ನೋಡಿದಳು. “ನೀವೇ ಅಲ್ವಾ ಸರ್ ಬಂದಿದ್ದು? ಪಾತ್ರೆ ಎಲ್ಲಾ ನಾನೇ ಹೊರಗೆ ತಂದಿಟ್ಟೆ. ನನಗಾಗ ಎಂಟು ವರ್ಷ.”

ಏನಾದರೂ ಹೇಳಬೇಕಿತ್ತು. ನೆನಪಿಲ್ಲ ಎನ್ನಬಹುದಿತ್ತು, ನೆನಪಿದೆ ಎನ್ನಬಹುದಿತ್ತು. ಅವನು ಅದೆರಡನ್ನೂ ಬಿಟ್ಟು, ಸುಮ್ಮನೆ ಕುಶಲ ವಿಚಾರಿಸುವವನ ದನಿ ಮಾಡಿಕೊಂಡು, ಆಮೇಲೆ ನಿಮಗೆಲ್ಲ ಹೊಸ ಮನೆ ಕೊಟ್ಟರಲ್ಲವೆ ಎಂದು ಕೇಳಿದ. ಇಪ್ಪತ್ತೇಳು ವರ್ಷ ಯಾರನ್ನೂ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ ಅದು. ಎಲ್ಲರಿಗೂ ಕೊಟ್ಟರು, ತಮ್ಮದು ಪಟ್ಟಿಯಲ್ಲಿ ಬರಲಿಲ್ಲ ಎಂದಳು ಅವಳು, ಯಾವಾಗಲೋ ತಪ್ಪಿಹೋದ ಬಸ್ಸಿನ ಮಾತಾಡುವಂತೆ. ಅಷ್ಟರಲ್ಲಿ ಫೋರ್‌ಮನ್ ಬಂದ. ಸರ್ ಕೆಲಸದಲ್ಲಿದ್ದಾರೆ, ಕಾಣಿಸಲ್ವಾ, ಕೈಯಲ್ಲಿ ಹಾಳೆ ಇಟ್ಕೊಂಡು ಹರಟೆ ಹೊಡೀತಾ ನಿಂತಿದ್ದೀಯಲ್ಲ, ಎಂದು ಎಲ್ಲರಿಗೂ ಕೇಳುವಂತೆ ಗದರಿದ. ಇಲ್ಲ, ನಾನೇ ಮಾತಾಡಿಸಿದೆ ಎಂಬ ಒಂದು ಮಾತು ಸಾಕಿತ್ತು. ಅವನು ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಹಾಳೆಯ ಮೇಲೆ ಬಗ್ಗಿದ. ಚಿತ್ರ ಸಣ್ಣ ಸಣ್ಣ ಕಪ್ಪು ಚುಕ್ಕಿಗಳಾಗಿ ಒಡೆದುಹೋಯಿತು. ಬೈಗುಳ ನಿಲ್ಲುವವರೆಗೂ ಅವನು ತಲೆ ಎತ್ತಲಿಲ್ಲ. ಹೋಗುತ್ತಾ ಅವಳು, “ಅಮ್ಮನಿಗೆ ಹೇಳ್ತೀನಿ ಸರ್, ಖುಷಿಪಡ್ತಾರೆ,” ಎಂದದ್ದು ಮಾತ್ರ ಕೇಳಿಸಿತು.

ಫೋರ್‌ಮನ್ ಅಚ್ಚಿಗೆ ಒಪ್ಪಿಗೆಯೆಂದು ಹಾಳೆಗೆ ಸಹಿ ಕೇಳಿದ. ನಲವತ್ತೊಂದು ಕಪ್ಪಾಗಿದೆ, ನಾಳೆ ಹೇಳುತ್ತೇನೆ ಎಂದು ಅವನು ಹೊರಬಿದ್ದ.

ಮನೆಗೆ ಹೋಗುವ ಬಸ್ಸು ಬಂತು, ಅವನು ಹತ್ತಲಿಲ್ಲ. ಕಾಲು ಎಳೆದ ಕಡೆ ನಡೆದ. ಇಪ್ಪತ್ತೇಳು ವರ್ಷದ ಹಿಂದೆ ಅದೊಂದು ಬೆಳಗಿನ ಹೊತ್ತು, ಗಿರಣಿ ಮುಚ್ಚಿ ಎರಡು ತಿಂಗಳಾಗಿತ್ತು, ವಸತಿಸಾಲಿನಲ್ಲಿ ಅರ್ಧ ಮನೆಗಳು ಮಾತ್ರ ತೆರವಾಗಿದ್ದವು. ಆದರೆ ತೆರವಾದ ಮನೆಗಳಲ್ಲಿ ಬೆಳಕು ಸರಿಯಿರಲಿಲ್ಲ. ಕೆಲವಕ್ಕೆ ಕಿಟಕಿ ಕಿತ್ತಿದ್ದರು, ಕೆಲವರು ಬಾಗಿಲನ್ನೇ ಬಿಚ್ಚಿಕೊಂಡು ಹೋಗಿದ್ದರು. ನೂರ ಹದಿನೇಳರಲ್ಲಿ ಬೆಳಕಿತ್ತು. ಹಾಗೆಂದು ಅವನಿಗೆ ಬಾಗಿಲಾಚೆಯಿಂದಲೇ ಗೊತ್ತಾಗಿತ್ತು, ಅಡುಗೆಯ ಹೊಗೆಯೊಳಗೆ ಅದು ಓರೆಯಾಗಿ ಇಳಿದಿದ್ದ ರೀತಿಯಿಂದ. ಒಳಗೆ ಒಲೆಯ ಮುಂದೆ ಒಬ್ಬ ಹೆಂಗಸು, ಮಂಚದ ಮೇಲೆ ಅವಳ ಅತ್ತೆ, ನೆಲದ ಮೇಲೆ ಒಂದು ಹುಡುಗಿ. ಗಂಡ ಬೇರೆ ಕಡೆ ದಿನಗೂಲಿಗೆ ಹೋಗಿದ್ದ. ಪತ್ರಿಕೆಯವನು ಎಂದಾಗ ಅವಳು ಕೈ ಒರೆಸಿಕೊಂಡು ಎದ್ದು ನಿಂತಳು. ಅರ್ಧ ಗಂಟೆ ಮನೆ ಖಾಲಿ ಮಾಡಿಕೊಡಿ ಎಂದು ಅವನು ಕೇಳಿದ. ಈಗ ಕೇಳಿದರೆ ಎಂಥ ಮಾತು ಅನ್ನಿಸುತ್ತದೆ, ಆಗ ಅದು ಒಂದು ಲೋಟ ನೀರು ಕೇಳಿದಷ್ಟೇ ಸಲೀಸಾಗಿತ್ತು. ಅವಳು ಯಾಕೆಂದು ಕೂಡ ಕೇಳಲಿಲ್ಲ. ಟ್ರಂಕು, ಹಾಸಿಗೆ ಸುರುಳಿ, ನೀರಿನ ಡ್ರಮ್ಮು, ಬಟ್ಟೆ ಒಣಹಾಕಿದ ಹಗ್ಗ, ಇನ್ನೂ ಬಿಸಿಯಾಗಿದ್ದ ಒಲೆ. ಹುಡುಗಿ ಒಂದೊಂದು ಪಾತ್ರೆಯನ್ನೂ ಎರಡು ಕೈಯಲ್ಲಿ ಹಿಡಿದು ಮೆರವಣಿಗೆಯ ಹಾಗೆ ಹೊರಗೆ ಸಾಗಿಸಿದಳು. ಮುದುಕಿಯನ್ನು ಮಂಚದ ಸಮೇತ ಅವನೂ ಆ ಹೆಂಗಸೂ ಎತ್ತಿ ಮರದ ಕೆಳಗೆ ಇಟ್ಟರು. “ಉಸಿರಿರೋವಾಗ್ಲೇ ಹೊರಗೆ ಹಾಕ್ತಿದ್ದೀರಲ್ಲೋ,” ಎಂದು ಮುದುಕಿ ಹಲ್ಲಿಲ್ಲದ ಬಾಯಿ ತುಂಬಾ ನಕ್ಕಳು, ಸೊಸೆಯೂ ನಕ್ಕಳು, ಅವನೂ. ಆಮೇಲೆ ಒಬ್ಬನೇ ಒಳಗೆ ಹೋಗಿ ಕ್ಯಾಲೆಂಡರನ್ನು ಅವನೇ ಮೊಳೆಯಿಂದ ತೆಗೆದ. ಹಿಂದಿನ ಬಿಳಿ ಗೋಡೆ ಕಂಡು ಎದೆ ಹಾರಿದ್ದು ಇವತ್ತಿಗೂ ನೆನಪಿದೆ. ಅರ್ಧ ಗಂಟೆ ಎಂದದ್ದು ಮೂರು ಗಂಟೆಯಾಯಿತು. ಬೆಳಕಿನ ಚೌಕ ತಾನು ಬೇಕೆಂದ ಜಾಗಕ್ಕೆ ಬರುವವರೆಗೆ ಅವನು ಕಾದ. ಹೊರಗೆ ಅವರು ಬಿಸಿಲಲ್ಲಿ ಸಾಮಾನಿನ ನಡುವೆ ಕೂತು ಅವನಿಗಾಗಿ ಕಾದರು.

ಯಾರಾದರೂ ಕೇಳಿದಾಗಲೆಲ್ಲ ಅವನು ಹೇಳುತ್ತಾ ಬಂದದ್ದು ಬೇರೆ. ಬಾಗಿಲು ಅರ್ಧ ತೆರೆದಿತ್ತು, ತಳ್ಳಿದೆ, ಮನೆ ನನಗಾಗಿಯೇ ಕಾಯುತ್ತಿರುವಂತೆ ಖಾಲಿ ನಿಂತಿತ್ತು. ಎಷ್ಟು ಸಲ ಹೇಳಿದ್ದನೆಂದರೆ ತಳ್ಳಿದಾಗ ಬಾಗಿಲು ಕಿರುಗುಟ್ಟಿದ ಸದ್ದು ಕೂಡ ಅವನಿಗೆ ನೆನಪಿತ್ತು.

ವಸತಿಸಾಲು ಇದ್ದ ಜಾಗದಲ್ಲೀಗ ಗಾಜು ಹೊದ್ದ ನಾಲ್ಕು ಎತ್ತರದ ಕಟ್ಟಡಗಳು. ಎಷ್ಟನೆಯ ಕಟ್ಟಡದ ಅಡಿಯಲ್ಲಿ ನೂರ ಹದಿನೇಳು ಬರಬಹುದು ಎಂದು ಗೇಟಿನ ಮುಂದೆ ನಿಂತು ಲೆಕ್ಕ ಹಾಕಲು ನೋಡಿದ. ಹಿಡಿಯಲು ಒಂದು ಗುರುತೂ ಸಿಗಲಿಲ್ಲ. ಮರವೂ ಇರಲಿಲ್ಲ, ನೆಲದ ಏರಿಳಿತವನ್ನೂ ಸಮ ಮಾಡಿದ್ದರು. ಕಾವಲಿನವನು ಬಂದು ಯಾರನ್ನು ನೋಡಬೇಕು ಎಂದ. ಯಾರನ್ನೂ ಇಲ್ಲ, ಜಾಗ ನೋಡೋಣ ಅಂತ ಬಂದೆ ಎಂದ ಇವನು. ಜಾಗ ಬೇಕಿದ್ದರೆ ಆಫೀಸಿನಲ್ಲಿ ವಿಚಾರಿಸಬೇಕು, ಇಲ್ಲಿ ನಿಲ್ಲುವ ಹಾಗಿಲ್ಲ ಎಂದು ಕಾವಲಿನವನು ಅವನ ಸವೆದ ಚಪ್ಪಲಿಯನ್ನೂ ಹೆಗಲ ಚೀಲವನ್ನೂ ನೋಡುತ್ತಾ ಹೇಳಿದ. ಹಿಂದಿನಿಂದ ಒಂದು ಕಾರು ಬಂತು. “ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ,” ಎಂದ ಕಾವಲಿನವನು, ಮರ್ಯಾದೆಯಿಂದಲೇ. ಅವನು ಪಕ್ಕಕ್ಕೆ ಸರಿದ. ಕಾರು ಒಳಗೆ ಹೋಯಿತು. ಗೇಟು ಮುಚ್ಚಿಕೊಂಡಿತು.

ಮಧ್ಯಾಹ್ನ ಮನೆಗೆ ಬಂದವನೇ ಊಟ ಬೇಡವೆಂದು ತನ್ನ ಕೋಣೆ ಸೇರಿದ. ಕಬ್ಬಿಣದ ಕಪಾಟಿನಲ್ಲಿ ಮೂವತ್ತು ವರ್ಷದ ನೆಗೆಟಿವ್‌ಗಳು ಸಾಲು ಸಾಲು ಡಬ್ಬಿಗಳಲ್ಲಿ ಕೂತಿದ್ದವು, ಪ್ರತಿ ಡಬ್ಬಿಗೂ ಅವನ ಕೈಬರಹದ ಚೀಟಿ. ಆ ವರ್ಷದ ಡಬ್ಬಿ ಯಾವುದೆಂದು ಕೈಗೆ ಗೊತ್ತಿತ್ತು. ಕೈ ಅದನ್ನು ದಾಟಿ ಬೇರೆ ಎರಡು ಡಬ್ಬಿ ತೆಗೆಯಿತು, ಹಾಗೇ ಇಟ್ಟಿತು. ಹೆಂಡತಿ ಬಾಗಿಲಲ್ಲಿ ನಿಂತು ಏನು ಹುಡುಕುತ್ತಿದ್ದೀರಿ ಎಂದಳು. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಉತ್ತರ ಸರಿಯಿದ್ದರೂ ದಾರಿ ತಪ್ಪಿದ್ದರೆ ಅರ್ಧ ಅಂಕ ಕಡಿಯುತ್ತಿದ್ದವಳು. ಅವರಿಬ್ಬರ ಪರಿಚಯವಾದದ್ದೇ ಆ ಚಿತ್ರದ ಎದುರು, ಒಂದು ಪ್ರದರ್ಶನದಲ್ಲಿ. ಇಲ್ಲಿದ್ದವರು ಎಲ್ಲಿ ಹೋದರು ಎಂದು ಅವಳು ಕೇಳಿದ್ದಳು. ಯಾರಿಗೆ ಗೊತ್ತು ಎಂದು ಅವನು ಹೇಳಿದ್ದ, ದುಃಖ ಬೆರೆಸಿ. ಆ ದುಃಖಕ್ಕೆ ಅವಳು ಮನಸೋತದ್ದು ಅವನಿಗೆ ಆಗಲೇ ತಿಳಿದಿತ್ತು. ನಲವತ್ತೊಂದನೆಯ ಪುಟ ತೆಗೆಸಿಬಿಡುತ್ತೇನೆ ಎಂದ ಈಗ. ಯಾಕೆ ಎಂದಳು. ಕಪ್ಪಾಗಿ ಬಂದಿದೆ ಎಂದ.

“ಇಪ್ಪತ್ತೇಳು ವರ್ಷ ಕಪ್ಪಾಗದೇ ಇದ್ದದ್ದು ಈಗ ಕಪ್ಪಾಯ್ತಾ?” ಎಂದು ಕೇಳಿ, ಬಾಗಿಲು ಎಳೆದುಕೊಂಡು ಅವಳು ಒಳಗೆ ಹೋದಳು.

ಕೋಣೆಯ ಬಾಗಿಲು ಮುಚ್ಚಿಕೊಂಡ ಸದ್ದಿಗೆ ಇನ್ನೊಂದು ಬಾಗಿಲು ನೆನಪಾಯಿತು. ಪತ್ರಿಕೆಯ ಕಚೇರಿಯ ಡಾರ್ಕ್‌ರೂಮಿನದು. ಹೊರಗೆ ಕೆಂಪು ದೀಪ ಉರಿಯುತ್ತಿದ್ದರೆ ಸಂಪಾದಕರೂ ಆ ಬಾಗಿಲು ತಟ್ಟುವಂತಿರಲಿಲ್ಲ. ಖಾಲಿ ಮನೆಯ ಚಿತ್ರ ಭಾನುವಾರದ ಪುಟದಲ್ಲಿ ದೊಡ್ಡದಾಗಿ ಬಂದು ಇಪ್ಪತ್ತು ದಿನವಾಗಿರಬೇಕು. ಅದನ್ನು ಒಂದು ದೊಡ್ಡ ಸ್ಪರ್ಧೆಗೆ ಕಳಿಸಿಯೂ ಆಗಿತ್ತು. ಹೊರಗಿನಿಂದ ಜವಾನನ ದನಿ, ಅದರ ಜೊತೆ ಗುರುತಿಲ್ಲದ ಇನ್ನೊಂದು ದನಿ. ಆ ದನಿಗೆ ಕಚೇರಿಗಳಲ್ಲಿ ಮಾತಾಡಿ ರೂಢಿಯಿರಲಿಲ್ಲ. ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುತ್ತಿತ್ತು. ಹೊಸ ಮನೆ ಹಂಚುವ ಮೊದಲು ಮನೆಗಳ ಎಣಿಕೆಗೆ ಬಂದ ಅಧಿಕಾರಿ ಪತ್ರಿಕೆಯ ತುಂಡನ್ನು ಫೈಲಿನಲ್ಲಿ ಇಟ್ಟುಕೊಂಡಿದ್ದಾನೆ. ನೂರ ಹದಿನೇಳು ಎಣಿಕೆಗೆ ಮೊದಲೇ ಖಾಲಿಯಾಗಿತ್ತು, ಇಲ್ಲಿ ನೋಡು, ನೀವು ಹೊಸ ಮನೆಯ ಆಸೆಗೆ ವಾಪಸು ಬಂದು ಸೇರಿಕೊಂಡಿದ್ದೀರಿ ಎನ್ನುತ್ತಾನೆ. ಅಕ್ಕಪಕ್ಕದವರು ಬಂದು ಹೇಳಿದರೂ ಕೇಳುವುದಿಲ್ಲ. ಕಾಗದದಲ್ಲಿ ಬಂದದ್ದನ್ನು ಕಾಗದದಲ್ಲೇ ಅಳಿಸಬೇಕಂತೆ. “ಎರಡು ಸಾಲು ಸಾಕು. ಅವತ್ತು ಮನೇಲಿ ಜನ ಇದ್ರು ಅಂತ. ಎರಡೇ ಸಾಲು. ಅವರು ಬರ್ಕೊಡ್ತಾರೆ, ಒಳ್ಳೆಯವರು ಅಂತ ನಮ್ಮ ಮನೆಯವಳು ಹೇಳಿದ್ಲು.” ಜವಾನ ಕೆಂಪು ದೀಪದ ಕಡೆ ನೋಡಿರಬೇಕು, ಬಂದು ಮೆಲ್ಲಗೆ ಬಾಗಿಲಿಗೆ ಬಾಯಿಟ್ಟು ಕೇಳಿದ. ಇವನು ಒಳಗಿನಿಂದ, ಊರಲ್ಲಿಲ್ಲ ಅಂತ ಹೇಳು ಎಂದು ಪಿಸುಗುಟ್ಟಿದ. ಬರೆದುಕೊಟ್ಟರೆ ಚಿತ್ರ ಸುಳ್ಳಾಗುತ್ತಿತ್ತು. ಜನವಿದ್ದ ಮನೆಯನ್ನು ಖಾಲಿ ಮಾಡಿಸಿ ಖಾಲಿ ಮನೆಯ ಚಿತ್ರ ತೆಗೆದವನು ಎಂದಾಗುತ್ತಿತ್ತು. ಸ್ಪರ್ಧೆ, ಸಂಪಾದಕರು, ಹೆಸರು. ಅವನು ಯೋಚಿಸಿದ್ದು ಇಷ್ಟನ್ನೇ, ಇದಕ್ಕಿಂತ ದೊಡ್ಡದೇನನ್ನೂ ಅಲ್ಲ. ಆ ಮನುಷ್ಯ ಹೋಗಲಿಲ್ಲ. ಫೋಟೋದವರು ಬಂದರೂ ಬಂದಾರು ಎಂದು ಬೆಂಚಿನ ಮೇಲೆ ಕೂತ. ಅವನು ಕೆಮ್ಮಿದ್ದು, ಬೆಂಚು ಕರಕರ ಎಂದದ್ದು ಎಲ್ಲ ಕೇಳುತ್ತಿತ್ತು. ಮಧ್ಯಾಹ್ನದವರೆಗೂ ಕೂತಿದ್ದ. ಒಳಗೆ ಇವನು ಕತ್ತಲಲ್ಲಿ ನಿಂತೇ ಇದ್ದ, ಮೂತ್ರ ತಡೆದುಕೊಂಡು. ಕೊನೆಗೆ ಹೊರಗೆ ಎಲ್ಲ ಸುಮ್ಮನಾದ ಮೇಲೆ ನೋಡಿದರೆ, ಚಿತ್ರ ಮೂಡಿಸುವ ಔಷಧದ ತಟ್ಟೆಯಲ್ಲಿ ಮರೆತಿದ್ದ ಹಾಳೆ ಪೂರ್ತಿ ಕಪ್ಪಾಗಿತ್ತು.

ಡಬ್ಬಿ ತೆಗೆದ. ಆ ದಿನದ ರೋಲು ಆರು ತುಂಡಾಗಿ ಕತ್ತರಿಸಿ ಕಾಗದದ ಪಾಕೀಟಿನಲ್ಲಿತ್ತು. ಕಿಟಕಿಗೆ ಹಿಡಿದು ನೋಡಿದ. ಖಾಲಿ ಕೋಣೆ, ಖಾಲಿ ಕೋಣೆ, ಬೆಳಕಿನ ಚೌಕ ಒಂದೊಂದೇ ಬೆರಳು ಸರಿದ ಖಾಲಿ ಕೋಣೆ. ಮೊದಲನೆಯ ತುಂಡಿನ ಮೊದಲನೆಯ ಚಿತ್ರ ಮಾತ್ರ ಬೇರೆ. ಒಳಗೆ ಕಾಲಿಟ್ಟೊಡನೆ, ಬೆಳಕು ಎಷ್ಟಿದೆ ನೋಡೋಣವೆಂದು, ಕಣ್ಣಳತೆಯಲ್ಲಿ ಕ್ಲಿಕ್ಕಿಸಿದ್ದು. ಅಂಥವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅವನೂ ಇಟ್ಟಿರಲಿಲ್ಲ. ಭೂತಗನ್ನಡಿ ಹಿಡಿದ. ಕಪ್ಪು ಬಿಳುಪಾಗಿ ಬಿಳುಪು ಕಪ್ಪಾಗಿ, ಒಲೆಯ ಮುಂದಿನ ಹೆಂಗಸು ತಿರುಗಿ ನೋಡುತ್ತಿದ್ದಳು. ಮಂಚದ ಮೇಲೆ ಮುದುಕಿ. ಹಗ್ಗದ ಮೇಲೆ ಬಟ್ಟೆ. ಹುಡುಗಿಯ ಅರ್ಧ ಮುಖ. ಬಾಗಿಲ ಮೇಲಿನ ಅಂಕಿ. ಗೋಡೆಯ ಮೇಲೆ ಕ್ಯಾಲೆಂಡರು, ಎಣಿಕೆಗೆ ಮುಂಚಿನ ಆ ತಿಂಗಳ ಹೆಸರು ಓದುವಷ್ಟು ಸ್ಪಷ್ಟ. ಎರಡು ಸಾಲು ಬರೆಯುವ ಅಗತ್ಯವೂ ಇರಲಿಲ್ಲ. ಇದೊಂದನ್ನು ಆ ಅಧಿಕಾರಿಗೆ ಅಂಚೆಯಲ್ಲಿ ಹಾಕಿದ್ದರೆ ಸಾಕಿತ್ತು, ಕಳಿಸಿದವರ ಹೆಸರಿಲ್ಲದೆ.

ಸಂಜೆ ಪ್ರಕಾಶಕರಿಗೆ ಫೋನು ಮಾಡಿದ. ಆ ಪುಟಗಳ ಫಾರಂ ಇನ್ನೂ ಮುದ್ರಣಕ್ಕೆ ಹೋಗಿಲ್ಲ, ಬದಲಾಯಿಸಬಹುದು, ಆದರೆ ಅದೇ ಅಲ್ಲವೆ ನಿಮ್ಮ ಮುಖ್ಯ ಚಿತ್ರ, ಎಂದು ಅವರು ಎರಡು ಮೂರು ಸಲ ಕೇಳಿದರು. ಅವನು ಕಾರಣ ಹೇಳಲಿಲ್ಲ, ತೆಗೆಯಲೇಬೇಕು ಎಂದ. ಆ ಜಾಗಕ್ಕೆ ಹಳೆಯ ಬಸ್ ನಿಲ್ದಾಣದ ಚಿತ್ರ ಹಾಕುವುದೆಂದಾಯಿತು. ಫೋನಿಟ್ಟ ಮೇಲೆ ಮೈ ಹಗುರಾಯಿತು. ತನ್ನ ಬೆರಳನ್ನು ತಾನೇ ಕಡಿದುಕೊಂಡವನಿಗೆ ಆಗಬಹುದಾದಂಥ ಒಂದು ಸಂತೋಷ. ಊಟಕ್ಕೆ ಕೂತಾಗ ಎರಡು ಸಲ ಬಡಿಸಿಕೊಂಡ. ಮರುದಿನ ಆ ಮೊದಲನೆಯ ನೆಗೆಟಿವಿನಿಂದ ದೊಡ್ಡದೊಂದು ಪ್ರಿಂಟು ಮಾಡಿಸಿದ. ಬೈಂಡಿಂಗಿನ ಹೆಂಗಸಿಗೆ ಕೊಡಬೇಕು, ಅವಳ ತಾಯಿಗೆ ತಲುಪಲಿ, ಅದರೊಂದಿಗೆ ಇದೆಲ್ಲ ಮುಗಿಯಲಿ. ಕೊಡುವಾಗ ಏನು ಹೇಳಬೇಕೆಂದು ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತಾ ವಾಕ್ಯಗಳನ್ನು ಕೂಡಿಸಿದ. ನಿಮ್ಮ ಮನೆಯ ನೋವನ್ನು ನಾನು ಪುಸ್ತಕ ಮಾಡಿ ಮೆರೆಯಲಾರೆ. ಅದು ಚೆನ್ನಾಗಿತ್ತು. ಎರಡು ಸಲ ಹೇಳಿ ನೋಡಿದ.

ಐದು ದಿನ ಬಿಟ್ಟು ಹೋದಾಗ ಮುದ್ರಣಾಲಯದಲ್ಲಿ ಊಟದ ಬಿಡುವು. ಯಂತ್ರಗಳು ನಿಂತಿದ್ದವು. ಮೇಲಿನ ಮಹಡಿಯ ಬೈಂಡಿಂಗ್ ಕೋಣೆಯಲ್ಲಿ ಹೆಂಗಸರು ಡಬ್ಬಿ ಬಿಚ್ಚಿಕೊಂಡು ಹಾಳೆಯ ಗಂಟುಗಳಿಗೆ ಒರಗಿ ಕೂತಿದ್ದರು. ಕಿಟಕಿಯ ಹತ್ತಿರ ಒಂದು ಸ್ಟೂಲಿನ ಮೇಲೆ ಅರವತ್ತರ ಹತ್ತಿರದ ಹೆಂಗಸೊಬ್ಬಳು ಮಂಡಿ ನೀವಿಕೊಳ್ಳುತ್ತಾ ಕೂತಿದ್ದಳು. ಹೊರಗೆ ಹೋಗಿಬರುವಾಗ ಮಾತ್ರ ಉಡುವಂಥ ಬಟ್ಟೆ, ಎಣ್ಣೆ ಹಚ್ಚಿ ಬಿಗಿದ ತಲೆ. ಅವತ್ತು ಮಾತಾಡಿಸಿದ್ದ ಮಗಳು ಅವಳ ಮುಂದೆ ನೆಲದಲ್ಲಿ ಕೂತು ಒಂದೊಂದೇ ಹಾಳೆ ತಿರುವುತ್ತಿದ್ದಳು. ಅವನಿಗೆ ವಾಪಸು ಹೋಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಆ ತಾಯಿ ತಲೆ ಎತ್ತಿದಳು.

“ಅಣ್ಣಾ, ನೀವೇ ಅಲ್ವಾ? ಕೂದಲೆಲ್ಲ ಹೋಯ್ತಲ್ಲ,” ಎಂದು ನಕ್ಕಳು. ಪಕ್ಕದವರಿಗೆಲ್ಲ ಪರಿಚಯ ಹೇಳಿದಳು, ನೆಂಟನೊಬ್ಬ ಬಂದ ಹಾಗೆ. ಅವತ್ತು ಅತ್ತೆಯ ಮಂಚಕ್ಕೆ ಇವರೂ ಒಂದು ಕಡೆ ಕೈ ಹಾಕಿದ್ದರು, ಪೇಪರಿನವರು ಅಂತ ಒಂದಿಷ್ಟು ಜಂಬ ಇರಲಿಲ್ಲ, ಎಂದಳು. ಪುಸ್ತಕದಲ್ಲಿ ನಮ್ಮನೆ ಬಂದಿದೆ ಅಂತ ಮಗಳು ಹೇಳಿದ್ದರಿಂದ ಎರಡು ಬಸ್ಸು ಬದಲಾಯಿಸಿ ನೋಡಲು ಬಂದಿದ್ದಳಂತೆ.

“ಸಿಗ್ತಾ ಇಲ್ಲ ಸರ್,” ಎಂದಳು ಮಗಳು. “ನಲವತ್ತೊಂದರಲ್ಲಿ ಯಾವ್ದೋ ಬಸ್ ಸ್ಟ್ಯಾಂಡ್ ಇದೆ.”

ತಾನೇ ತೆಗೆಸಿದ್ದಾಗಿ ಅವನು ಹೇಳಿದ. ಕನ್ನಡಿಯ ಮುಂದೆ ಕೂಡಿಸಿದ ವಾಕ್ಯ ಬಾಯಿಗೆ ಬರಲಿಲ್ಲ. ನಿಮಗೆ ನೋವಾಗಬಾರದು ಅಂತ, ಎಂದು ಅದರ ಬಾಲವಷ್ಟೇ ಬಂತು. ತಾಯಿಗೆ ಅರ್ಥವಾಗಲಿಲ್ಲ. ನಮ್ಮ ಮನೆ ನೋಡಿದರೆ ನಮಗೆ ಯಾಕೆ ನೋವು ಎಂದಳು. ಮಗಳು ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸತೊಡಗಿದಳು, ತುಂಬಾ ಹೊತ್ತು, ಅಷ್ಟು ಜೋಡಿಸುವ ಅಗತ್ಯವಿರಲಿಲ್ಲ. “ಅದೊಂದೇ ಇದ್ದದ್ದು ಸರ್. ಪೇಪರಲ್ಲಿ ಬಂದದ್ದನ್ನ ಎಣಿಕೆಯವರು ಆಫೀಸಲ್ಲೇ ಇಟ್ಕೊಂಡ್ರು, ಕೇಳಿದ್ರೂ ಕೊಡ್ಲಿಲ್ಲ. ಈಗ ಪುಸ್ತಕದಲ್ಲಾದ್ರೂ ಇರುತ್ತೆ ಅಂದ್ಕೊಂಡೆ. ಒಂದು ಮಾತು ಕೇಳಬಹುದಿತ್ತು ನೀವು.”

ಅವನು ಚೀಲದಿಂದ ಲಕೋಟೆ ತೆಗೆದು ತಾಯಿಯ ಕೈಗೆ ಕೊಟ್ಟ. ಇದು ಇನ್ನೂ ಚೆನ್ನಾಗಿದೆ, ಇದರಲ್ಲಿ ನೀವೆಲ್ಲ ಇದ್ದೀರಿ ಎಂದ. ಆ ಹೊತ್ತಿಗೂ ಅವನ ಒಳಗೊಂದು ಮೂಲೆ ಅವಳ ಸಂತೋಷಕ್ಕಾಗಿ ಕೈಚಾಚಿ ನಿಂತಿತ್ತು. ಸಂತೋಷ ಬಂತು ಕೂಡ. “ಅತ್ತೆ,” ಎಂದಳು ಅವಳು, ಕರೆದ ಹಾಗೆ. ಕನ್ನಡಕ ಹಣೆಗೇರಿಸಿ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು, ಒಂದೊಂದಾಗಿ ಎಣಿಸುತ್ತಾ ಹೋದಳು. ಟ್ರಂಕು, ತಂಗಿಯ ಮನೆಯಿಂದ ಬಂದ ಬೋಗುಣಿ, ಎಡ ಮೂಲೆಯ ಸೀಮೆಎಣ್ಣೆ ಡಬ್ಬ, ಅಯ್ಯೋ ನಾನು ಎಷ್ಟು ಸಣ್ಣಗಿದ್ದೆ ನೋಡು. ಊಟದ ಕೈಯಲ್ಲೇ ಹೆಂಗಸರು ಸುತ್ತ ಬಗ್ಗಿದರು. ಮಗಳು ಗೋಡೆಯ ಮೇಲಿನ ಕ್ಯಾಲೆಂಡರಿನ ತಿಂಗಳನ್ನು ಗಟ್ಟಿಯಾಗಿ ಓದಿದಳು. ಓದಿದವಳು ಅಲ್ಲಿಗೇ ನಿಂತಳು. ತಾಯಿಯ ಮುಖದಲ್ಲಿ ನಗು ಹಾಗೇ ಇತ್ತು, ಅದರ ಹಿಂದಿನದು ಮಾತ್ರ ಮೆಲ್ಲಗೆ ಹೊರಟುಹೋಯಿತು.

“ಇದು ಅವತ್ತಿಂದ ನಿಮ್ಮ ಹತ್ರಾನೇ ಇತ್ತಾ ಅಣ್ಣಾ?”

“ಇತ್ತು.”

“ನಮ್ಮವರು ನಿಮ್ಮ ಆಫೀಸಿಗೆ ಬಂದಿದ್ರು. ಕೂಲಿ ಬಿಟ್ಟು ಬಂದಿದ್ರು. ನೀವು ಊರಲ್ಲಿ ಇರ್ಲಿಲ್ಲ.”

ಇಲ್ಲಿಯೂ ಒಂದು ಬಾಗಿಲು ತೆರೆದೇ ಇತ್ತು. ಹೌದು, ಇರಲಿಲ್ಲ, ಆಮೇಲೆ ತಿಳಿದು ಬಹಳ ಬೇಜಾರಾಯಿತು. ಅವಳೇ ಅದನ್ನು ಹಿಡಿದುಕೊಂಡು ನಿಂತಿದ್ದಳು, ಅವನು ದಾಟಿಬಿಡಲಿ ಎಂದು. ಅವನು ನೆಲ ನೋಡಿದ. “ಇದ್ದೆ,” ಎಂದ. “ಒಳಗೇ ಇದ್ದೆ. ಅವರು ಹೇಳಿದ್ದೆಲ್ಲ ಕೇಳಿಸ್ತಿತ್ತು.”

ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಡಬ್ಬಿಗಳ ಹತ್ತಿರ ಸರಿದರು. ತಾಯಿ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು, ಅದರಲ್ಲಿದ್ದ ಮುದುಕಿಯ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಳು. ಬಯ್ಯಲಿ ಎಂದು ಅವನು ಕಾದ. ಬೈಗುಳಕ್ಕೆ ಅವನ ಬೆನ್ನು ಸಿದ್ಧವಾಗಿತ್ತು, ಬೇಕಾಗಿಯೂ ಇತ್ತು. ಈ ಚಿತ್ರವನ್ನೇ ಪುಸ್ತಕದಲ್ಲಿ ಹಾಕಿಸುತ್ತೇನೆ, ನಡೆದದ್ದನ್ನೆಲ್ಲ ಕೆಳಗೆ ಬರೆಯುತ್ತೇನೆ, ನನ್ನ ಹೆಸರು ಹಾಕಿ, ಎಂದು ಅವನು ಗಡಿಬಿಡಿಯಲ್ಲಿ ಹೇಳಿದ.

“ಬೇಡ,” ಎಂದಳು ಅವಳು. “ನಮ್ಮವರಿಗೆ ಓದೋಕೆ ಬರುತ್ತೆ.” ಅವನಿಗೋ ತನಗೋ ತಿಳಿಯದಂತೆ, ತಗ್ಗಿದ ದನಿಯಲ್ಲಿ ಮುಂದುವರಿಸಿದಳು. “ಊಟಕ್ಕೆ ಕೂತಾಗ ಈಗಲೂ ಒಂದೊಂದ್ಸಲ ಹೇಳ್ತಾರೆ. ಆ ಫೋಟೋದವರು ಅವತ್ತು ಸಿಕ್ಕಿದ್ರೆ ಬರ್ಕೊಡ್ತಿದ್ರು, ಒಳ್ಳೆ ಮನುಷ್ಯ, ನಮ್ಮ ನಸೀಬು ಸರಿ ಇರ್ಲಿಲ್ಲ ಅಂತ. ಬಾಡಿಗೆ ಮನೆ ಒಂಬತ್ತು ಬದಲಾಯ್ಸಿದ್ವಿ, ಅತ್ತೆ ಯಾರದೋ ಜಗಲಿ ಮೇಲೆ ಹೋದ್ರು. ಎಲ್ಲಾನೂ ನಸೀಬು ಅಂದ್ಕೊಂಡೇ ಕಳೆದುಬಿಟ್ರು ಅವರು. ಒಬ್ಬ ಮನುಷ್ಯ ಹೀಗೆ ಮಾಡಿದ ಅಂತ ಈ ವಯಸ್ಸಲ್ಲಿ ಹೇಗೆ ಹೇಳ್ಲಿ? ಇದನ್ನ ನಾನು ಹೇಗೆ ಮನೆಗೆ ತಗೊಂಡು ಹೋಗ್ಲಿ?”

ಮಗಳು ಚಿತ್ರಕ್ಕೆ ಕೈಚಾಚಿದಳು. ತಾಯಿ ಕೊಡಲಿಲ್ಲ. ಇನ್ನೊಂದು ಸಲ ಅದನ್ನು ಮುಖದ ಹತ್ತಿರ ತಂದು, ಆಗ ಮೂವತ್ತಮೂರು ವರ್ಷದವಳಾಗಿದ್ದ ತನ್ನನ್ನು, ಅತ್ತೆಯನ್ನು, ಹಗ್ಗದ ಮೇಲಿನ ಬಟ್ಟೆಯನ್ನು, ಮನೆಯನ್ನು, ಬಾಯಿಪಾಠ ಮಾಡಿಕೊಳ್ಳುವವಳ ಹಾಗೆ ನೋಡಿದಳು. ಆಮೇಲೆ ಲಕೋಟೆಯೊಳಗೆ ಜೋಪಾನವಾಗಿ ಸೇರಿಸಿ, ಎರಡು ಕೈಯಲ್ಲಿ ಅವನಿಗೆ ವಾಪಸು ಕೊಟ್ಟಳು. “ನೀವೇ ಇಟ್ಕೊಳ್ಳಿ,” ಎಂದಳು.

ಬಿಡುವು ಮುಗಿದ ಗಂಟೆ ಹೊಡೆಯಿತು. ಕೆಳಗೆ ಯಂತ್ರ ಶುರುವಾಗಿ ನೆಲ ಸಣ್ಣಗೆ ನಡುಗತೊಡಗಿತು. ಮಗಳು ತನ್ನ ಜಾಗಕ್ಕೆ ಹೋಗಿ ಕೂತು ಬಸ್ ನಿಲ್ದಾಣದ ಹಾಳೆಯನ್ನು ಮುಂದೆಳೆದು, ಮೂಳೆಯ ಪಟ್ಟಿಯಿಂದ ಒತ್ತಿ ಮಡಿಸಿದಳು, ಮತ್ತೊಂದು, ಮತ್ತೊಂದು; ಅವನ ಕಡೆ ತಿರುಗಲಿಲ್ಲ. ತಾಯಿ ಏಳಲು ಕಷ್ಟಪಟ್ಟಳು. ಕಟ್ಟಡದ ಮೆಟ್ಟಿಲುಗಳು ಕಡಿದಾಗಿದ್ದವು, ಹಿಡಿಕೆಯಿರಲಿಲ್ಲ. ಅವನು ಕೈ ನೀಡಿದ. ಅವಳು ಒಂದು ಕ್ಷಣವೂ ತಡೆಯದೆ ಹಿಡಿದುಕೊಂಡಳು, ಮಂಡಿನೋವಿನವರು ಹತ್ತಿರ ಸಿಕ್ಕಿದ್ದನ್ನು ಹಿಡಿದುಕೊಳ್ಳುವಂತೆ, ಗೋಡೆಯೋ ಕುರ್ಚಿಯೋ ನೋಡದೆ. ಅವಳ ಭಾರವೆಲ್ಲ ಅವನ ಮುಂಗೈ ಮೇಲೆ ಬಿತ್ತು. ಒಂದೊಂದು ಮೆಟ್ಟಿಲಿಗೂ ನಿಂತು, ಎರಡೂ ಪಾದ ಊರಿ, ಮತ್ತೆ ಇಳಿದರು. ಹತ್ತೊಂಬತ್ತು ಮೆಟ್ಟಿಲು. ಬೀದಿಗೆ ಬಂದೊಡನೆ ಅವಳು ಕೈ ಬಿಟ್ಟು, ಬಟ್ಟೆ ಸರಿಪಡಿಸಿಕೊಂಡು, ಬಸ್ಸು ಯಾವ ಕಡೆ ನಿಲ್ಲುತ್ತದೆ ಎಂದು ಕೇಳಿದಳು, ದಾರಿಯಲ್ಲಿ ಸಿಕ್ಕ ಯಾರನ್ನೋ ಕೇಳುವ ಹಾಗೆ. ಅಣ್ಣಾ ಎನ್ನಲಿಲ್ಲ. ಎದುರು ಬದಿ, ಬಲಕ್ಕೆ ಎಂದು ಅವನು ತೋರಿಸಿದ. ತಲೆಯಾಡಿಸಿ, ಎರಡೂ ಕಡೆ ನೋಡಿ, ಅವಳು ರಸ್ತೆ ದಾಟಿದಳು.